ಶ್ರುತಿಪೆಟ್ಟಿಗೆ

ಬುಧವಾರ ಎರಡು ಗಂಟೆಗೆ ತರಗತಿ.
ಹನ್ನೊಂದು ಮಂದಿಗೆ ಆರೇ ಹೆಡ್‌ಫೋನು,
ಅದರಲ್ಲೊಂದಕ್ಕೆ ಎಡಗಿವಿ ಸತ್ತಿದೆ.
ಸೆಪ್ಟೆಂಬರಿನ ಬ್ರಸೀಲಿಯಾ. ನೂರು ದಿನಗಳಿಂದ ಹನಿಯಿಲ್ಲ.
ಕೆಂಪು ದೂಳು ಕೀಲಿಮಣೆಯ ಸಂದಿಗಳಲ್ಲಿ ಕೂತು
ಯಾವ ಅಕ್ಷರ ಒತ್ತಿದರೂ ಹಲ್ಲು ಕಡಿದ ಸದ್ದು.

‘ಸದ್ದನ್ನು ನಾವು ಹುಟ್ಟಿಸುವುದಿಲ್ಲ’ ಎನ್ನುತ್ತೇನೆ ಪ್ರತಿ ವರ್ಷ,
‘ಅಂಕಿ ಬರೆಯುತ್ತೇವೆ,
ಸೆಕೆಂಡಿಗೆ ನಲವತ್ತನಾಲ್ಕು ಸಾವಿರದ ನೂರು.
ಉಳಿದದ್ದು ಗಾಳಿಯ ಕೆಲಸ.’
ಪ್ರತಿ ವರ್ಷ ಯಾರಾದರೊಬ್ಬರು ನಗುತ್ತಾರೆ.
ಈ ವರ್ಷ ನಕ್ಕವನು ಜುರಾಂದೀರ್,
ಸೆಯ್ಲಾಂಜಿಯಾದಿಂದ ಒಂದೂವರೆ ಗಂಟೆ ಬಸ್ಸಿನಲ್ಲಿ ನಿಂತು ಬರುವವನು,
ಬಸ್ಸಿನ ಬಾಗಿಲ ನಿಟ್ಟುಸಿರನ್ನೇ
ಮೊದಲ ಅಭ್ಯಾಸಕ್ಕೆ ಹಿಡಿದು ತಂದವನು.

ಅವನಿಗೇ ಕೊಟ್ಟೆ ಆ ಬೂಟಿನ ಡಬ್ಬಿ.

ಒಳಗೆ ತೂತು ಬಿದ್ದ ಕಾರ್ಡುಗಳು, ನಾನೂರ ಹನ್ನೆರಡು,
ಎಪ್ಪತ್ತಮೂರನೆಯ ಇಸವಿಯವು.
ಪ್ರೊಫೆಸರ್ ಎವರಾರ್ದೊ ತಾವೊರಾ
ಇಂಜಿನಿಯರುಗಳ ಯಂತ್ರವನ್ನು ರಾತ್ರಿ ಹನ್ನೊಂದರ ಮೇಲೆ
ಕಾಡಿ ಬೇಡಿ ಪಡೆದು ಬರೆದ ಏಳು ನಿಮಿಷದ ಸಂಗೀತ.
ಯಂತ್ರ ಗುಜರಿಗೆ ಹೋಯಿತು. ಟೇಪಿಗೆ ಬೂಷ್ಟು ಹಿಡಿಯಿತು.
ಉಳಿದದ್ದು ತೂತುಗಳು.

ಇನ್ನೂರ ಹದಿನೇಳನೆಯ ಕಾರ್ಡು ಇರಲಿಲ್ಲ.
ಮಗಳು ಐರಾಸೆಮಾ ಹುಡುಕಿ ತಂದಳು, ಅಡುಗೆ ಪುಸ್ತಕದೊಳಗಿಂದ.
ಬೆನ್ನ ಮೇಲೆ ತಾಯಿಯ ಕೈಬರಹ:
ಕಾಫಿಪುಡಿ, ಮರಗೆಣಸಿನ ಹಿಟ್ಟು, ನೀಲಿ ದಾರ, ಬೆಂಕಿಪೊಟ್ಟಣ,
ಕೊನೆಯಲ್ಲಿ, ಸ್ವಲ್ಪ ಓರೆಯಾಗಿ,
ಇವರಿಗೆ ನಿದ್ದೆ.

ಎರಡು ತಿಂಗಳು ಕೂತ ಜುರಾಂದೀರ್.
ತೂತನ್ನು ಅಂಕಿಯಾಗಿಸಿ, ಅಂಕಿಯನ್ನು ಅಲೆಯಾಗಿಸಿ,
ಶಾಸನದ ಸವೆದ ಅಕ್ಷರ ತಡವುವವನ ಹಾಗೆ.
ಒಂದು ಅಲ್ಪವಿರಾಮ ಜಾರಿದರೆ
ಏಳು ನಿಮಿಷವೂ ಮಣ್ಣುಪಾಲು.

ನವೆಂಬರಿನಲ್ಲಿ ಕರೆತಂದೆವು ಅವರನ್ನು.
ವಯಸ್ಸು ಎಂಬತ್ತೆಂಟು. ಎರಡೂ ಕಿವಿಗೆ ಯಂತ್ರ.
ಸ್ಪೀಕರಿನ ಜಾಲರಿಗೆ ಅಂಗೈ ಒತ್ತಿ ಕೂತರು.
ಮುಗಿದ ಮೇಲೆ ಅಂದರು:
‘ಎಲ್ಲ ಸರಿಯಾಗಿದೆ. ಇದು ನನ್ನದಲ್ಲ.’

ಹುಡುಗ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

‘ಶ್ರುತಿ ಎಲ್ಲಿ?’
ಆಮೇಲೆ, ತಡೆತಡೆದು: ಆ ಕೋಣೆ ಗುಂಯ್‌ಗುಡುತ್ತಿತ್ತು,
ಫ್ಯಾನು, ಟ್ರಾನ್ಸ್‌ಫಾರ್ಮರು, ರಾತ್ರಿಯಿಡೀ ಒಂದೇ ಸ್ವರ.
ಗೇಟಿನ ಬಳಿ ಸೈನಿಕರ ಜೀಪು ನಿಂತಿದ್ದಾಗ
ಅದೊಂದೇ ಧೈರ್ಯ ಹೇಳುತ್ತಿತ್ತು.
‘ಅದರ ಮೇಲೆ ಕಟ್ಟಿದ್ದೆ ಎಲ್ಲವನ್ನೂ.
ಅದನ್ನೇ ಬರೆದಿಡಲಿಲ್ಲ.
ಇದ್ದೇ ಇರುತ್ತದಲ್ಲ ಅಂದುಕೊಂಡೆ.’

ಜುರಾಂದೀರ್ ಮಾತಿಲ್ಲದೆ ಎದ್ದು ಹೋದ.
ದೋನಾ ಝೆಫಿನ್ಯಾಳನ್ನು ಕೇಳಿಯೋ ಕೇಳದೆಯೋ
ಕ್ಯಾಂಟೀನಿನ ಹಳೆಯ ಫ್ರಿಜ್ಜನ್ನು
ತಳ್ಳುಗಾಡಿಯಲ್ಲಿಟ್ಟು ಕಾರಿಡಾರಿನುದ್ದಕ್ಕೂ ತಳ್ಳಿ ತಂದ,
ಒಳಗೆ ಗೋಡಂಬಿ ಹಣ್ಣಿನ ರಸದ ಬಾಟಲಿಗಳು ಕಿಣಿಕಿಣಿ.
ಪ್ಲಗ್ಗು ಚುಚ್ಚಿದ. ಅದೊಮ್ಮೆ ನಡುಗಿತು, ಕೆಮ್ಮಿತು,
ಆಮೇಲೆ ಹಿಡಿಯಿತು ತನ್ನ ಸ್ವರ:
ಅರವತ್ತು ಹರ್ಟ್ಸ್,
ಈ ದೇಶದ ಗೋಡೆಗೋಡೆಯೂ ಒಳಗೊಳಗೇ ಗುನುಗುವುದು.

ಮತ್ತೆ ಹಾಕಿದೆವು.

ಅದುವರೆಗೆ ಒಂದಕ್ಕೊಂದು ಸಂಬಂಧವಿಲ್ಲದೆ ಅಲೆಯುತ್ತಿದ್ದ ಸ್ವರಗಳು,
ಬಸ್ಸು ಧಡಕ್ಕನೆ ಹೊರಟಾಗ
ನಿಂತವರೆಲ್ಲ ಒಂದೇ ಕಂಬಿಗೆ ಕೈಹಾಕುತ್ತಾರಲ್ಲ,
ಹಾಗೆ.

ಮುದುಕರ ಅಂಗೈ ಸ್ಪೀಕರಿನಿಂದ ಫ್ರಿಜ್ಜಿನ ಬಾಗಿಲಿಗೆ ಸರಿದಿತ್ತು.
ಐದನೆಯ ನಿಮಿಷಕ್ಕೆ, ತಣ್ಣಗಾದದ್ದು ಸಾಕೆಂದು,
ಫ್ರಿಜ್ಜು ತಾನೇ ಸುಮ್ಮನಾಯಿತು.
ಅವರು ಕಣ್ಣು ತೆರೆಯಲಿಲ್ಲ. ತುಟಿ ಮುಚ್ಚಿ
ಒಡಕು ಗಂಟಲಲ್ಲೇ ಆ ಸ್ವರವನ್ನು ಎತ್ತಿ ಹಿಡಿದರು,
ಅರ್ಧ ಎಳೆ ಕೆಳಗೆ.
ಜಗಳಕ್ಕೆಂದು ಬಂದ ಝೆಫಿನ್ಯಾ
ಸೊಂಟದ ಮೇಲಿನ ಕೈ ತೆಗೆಯದೆ ಬಾಗಿಲಲ್ಲೇ ನಿಂತಳು.

ವರ್ಷದ ವರದಿ ಕಳಿಸಿದ್ದೇನೆ.
ಉಪಕರಣಗಳ ಕಲಮಿನಲ್ಲಿ: ಕಂಪ್ಯೂಟರು ಒಂದು, ಸ್ಪೀಕರು ಎರಡು,
ಫ್ರಿಜ್ಜು ಒಂದು, ಎರವಲು.
ಫ್ರಿಜ್ಜಿಗೆ ವಿವರಣೆ ಕೇಳಿ ಲೆಕ್ಕಪತ್ರ ವಿಭಾಗ ಬರೆದಿದೆ.
ಝೆಫಿನ್ಯಾಳ ಬಿಲ್ಲೂ ಬಂದಿದೆ,
ಬೆಚ್ಚಗಾದ ಒಂಬತ್ತು ಬಾಟಲಿಗೆ.
ಬಿಲ್ಲು ತೀರಿಸಿದ್ದೇನೆ.